ಮೀನಿಗಾಗಿ ದಾರಿ ಕೇಳಿದವನು

ನದಿಮೂಲವನ್ನೂ ಋಷಿಮೂಲವನ್ನೂ ಹುಡುಕಬಾರದೆಂದು ನಮ್ಮ ಹಿರಿಯರು ಹೇಳಿದ್ದಾರೆ. ಹುಡುಕಿದರೆ ಕಾಣಸಿಗುವುದು ನಮ್ಮ ಭಕ್ತಿಗೆ ಒಗ್ಗದಿರಬಹುದು ಎಂಬುದು ಆ ಮಾತಿನ ಹಿಂದಿರುವ ಎಚ್ಚರಿಕೆ. ಆದರೆ ನದಿಯ ಮೂಲವನ್ನು ಹುಡುಕಿಕೊಂಡು ಹೋಗದೆ ಬದುಕಲಾರದ ಒಂದು ಜೀವಿಯುಂಟು. ಆ ಜೀವಿಯ ಹಿಂದೆಯೇ ನಡೆದು, ಅದರ ದಾರಿಗೆ ಅಡ್ಡವಾದ ಒಂದೊಂದು ಕಲ್ಲನ್ನೂ ಕಟ್ಟೆಯನ್ನೂ ಕಣ್ಣಾರೆ ಕಂಡು ಬರೆದಿಟ್ಟ ಮನುಷ್ಯನೊಬ್ಬನೂ ಇದ್ದನು. ಜೀವಿ ಸಾಲ್ಮನ್ ಮೀನು. ಮನುಷ್ಯ, ಇಂಗ್ಲೆಂಡಿನ ಫ್ರಾನ್ಸಿಸ್ ಟ್ರೆವೆಲಿಯನ್ ಬಕ್‌ಲೆಂಡ್. ಅವನನ್ನು ಅರಿತವರೆಲ್ಲ ಫ್ರ್ಯಾಂಕ್ ಬಕ್‌ಲೆಂಡ್ ಎಂದೇ ಕರೆದರು.

ಮೊದಲು ಮೀನಿನ ಕಥೆಯನ್ನು ಹೇಳಿಬಿಡುವುದು ಒಳ್ಳೆಯದು. ಅದು ತಿಳಿಯದಿದ್ದರೆ ಮನುಷ್ಯನ ಕಥೆ ಬರಿಯ ವಿನೋದವಾಗಿ ಉಳಿದೀತು. ಅಟ್ಲಾಂಟಿಕ್ ಸಾಗರದ ಸಾಲ್ಮನ್ ಹುಟ್ಟುವುದು ನದಿಯ ತಲೆಯಲ್ಲಿ, ತಣ್ಣನೆಯ ತಿಳಿನೀರು ನುರುಜುಗಲ್ಲುಗಳ ಮೇಲೆ ಹರಿಯುವ ಎಡೆಯಲ್ಲಿ. ಹೆಣ್ಣುಮೀನು ಚಳಿಗಾಲದ ಮೊದಲಲ್ಲಿ ಬಾಲದಿಂದ ಕಲ್ಲುಗಳನ್ನು ಕೆದಕಿ, ಗುಂಡಿ ಮಾಡಿ, ಸಾವಿರಾರು ತತ್ತಿಗಳನ್ನಿಟ್ಟು ಮತ್ತೆ ಕಲ್ಲು ಮುಚ್ಚುತ್ತದೆ. ಕಲ್ಲುಗಳ ಸಂದಿನಲ್ಲಿ ನೀರು ಆಡುತ್ತಿದ್ದರೆ ಮಾತ್ರ ತತ್ತಿಗೆ ಉಸಿರು. ಕೆಸರು ತುಂಬಿದರೆ ಗೂಡೇ ಗೋರಿ. ವಸಂತದಲ್ಲಿ ಮರಿಗಳು ಹೊರಬಂದು, ಒಂದೆರಡು ವರುಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ, ಹೊಳೆಯಲ್ಲಿಯೇ ಬೆಳೆದು, ಮೈಮೇಲೆ ಬೆಳ್ಳಿಯ ಬಣ್ಣ ತಳೆದು ಕಡಲಿಗೆ ಇಳಿಯುತ್ತವೆ. ಅಲ್ಲಿ ಉಂಡು ಬಲಿತು, ಒಂದೋ ಎರಡೋ ಮೂರೋ ವರುಷಗಳ ತರುವಾಯ, ತಾವು ಹುಟ್ಟಿದ ನದಿಯನ್ನೇ ಅರಸಿಕೊಂಡು ಹಿಂದಿರುಗುತ್ತವೆ. ತವರಿನ ನೀರಿನ ವಾಸನೆ ಅವನ್ನು ದಡ ಮುಟ್ಟಿಸುತ್ತದೆಂದು ಇಂದಿನ ವಿಜ್ಞಾನ ಹೇಳುತ್ತದೆ. ಹೊಳೆಯೊಳಗೆ ಬಂದಮೇಲೆ ಅವು ಆಹಾರ ಮುಟ್ಟುವುದಿಲ್ಲ. ಮೈಯಲ್ಲಿ ಕೂಡಿಟ್ಟ ಕೊಬ್ಬಿನ ಬಲದಿಂದಲೇ ಪ್ರವಾಹಕ್ಕೆ ಎದುರಾಗಿ ಈಜಿ, ಜಲಪಾತಗಳನ್ನು ಹಾರಿ, ಮೇಲಕ್ಕೆ ಮೇಲಕ್ಕೆ ಹೋಗಬೇಕು. ದಾರಿಯಲ್ಲಿ ಒಂದು ಕಟ್ಟೆ ಅಡ್ಡಬಂದರೆ, ಆ ಉಪವಾಸದ ಯಾತ್ರೆ ಅಲ್ಲಿಗೇ ಮುಗಿಯಿತು. ಆ ವಂಶವೂ ಮುಗಿಯಿತು.

ಬಕ್‌ಲೆಂಡ್ ಹುಟ್ಟಿದ್ದು 1826ನೆಯ ಇಸವಿ ಡಿಸೆಂಬರ್ 17ರಂದು, ಆಕ್ಸ್‌ಫರ್ಡ್ ನಗರದಲ್ಲಿ. ತಂದೆ ವಿಲಿಯಂ ಬಕ್‌ಲೆಂಡ್ ಪಾದ್ರಿ. ಅಷ್ಟೇ ಅಲ್ಲ, ಆ ಕಾಲದ ಭೂವಿಜ್ಞಾನಿಗಳಲ್ಲಿ ಅಗ್ರಗಣ್ಯ. ಇಂದು ನಾವು ಡೈನೊಸಾರ್ ಎಂದು ಕರೆಯುವ ಪ್ರಾಣಿವರ್ಗದ ಒಂದು ಜಾತಿಯನ್ನು ಹೆಸರಿಟ್ಟು, 1824ರಲ್ಲಿ, ಮೊತ್ತಮೊದಲು ಶಾಸ್ತ್ರೀಯವಾಗಿ ವರ್ಣಿಸಿದವನು ಅವನೇ. ತಾಯಿ ಮೇರಿ ಪಳೆಯುಳಿಕೆಗಳನ್ನು ಕೂಡಿಸಿ ಜೋಡಿಸುವುದರಲ್ಲಿಯೂ ಚಿತ್ರಿಸುವುದರಲ್ಲಿಯೂ ನಿಪುಣೆ. ಇಂಥ ಮನೆಯಲ್ಲಿ ಮಕ್ಕಳ ಆಟಿಕೆಗಳು ಏನಾಗಿದ್ದಾವೆಂದು ಊಹಿಸಬಹುದು. ಯಾರೋ ಪಾದ್ರಿಯೊಬ್ಬನು ದೂರದಿಂದ ತಂದ ಕಲ್ಲಾದ ಎಲುಬುಗಳನ್ನು ತೋರಿಸಿ ಇದೇನೆಂದು ಕೇಳಲು, ಇನ್ನೂ ನಾಲಗೆ ತಿರುಗದ ಬಾಲಕ ಅದು ಇಕ್ತಿಯೊಸಾರಸ್ ಎಂಬ ಪುರಾತನ ಜಲಚರದ ಬೆನ್ನೆಲುಬೆಂದು ತೊದಲಿದನಂತೆ.

ಆ ಮನೆಯ ಊಟದ ಮೇಜೂ ಒಂದು ಪ್ರಯೋಗಶಾಲೆಯೇ. ಪ್ರಾಣಿಕೋಟಿಯನ್ನೆಲ್ಲ ರುಚಿನೋಡಿಯೇ ತೀರಬೇಕೆಂದು ತಂದೆ ಹಟ ತೊಟ್ಟಿದ್ದನು. ಮಗನು ಆ ಹಟವನ್ನು ಪಿತ್ರಾರ್ಜಿತವೆಂಬಂತೆ ಪಡೆದನು. ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿ ಅವನು ಓದುತ್ತಿದ್ದಾಗ ಅವನ ಕೊಠಡಿಯ ಬಳಿ ಹಾವುಗಳೂ ಕೋತಿಯೂ ಹದ್ದೂ ಕರಡಿಯ ಮರಿಯೂ ವಾಸವಾಗಿದ್ದುವು. ಅಸ್ಸೀರಿಯದ ಅರಸನ ಹೆಸರನ್ನು ಹೊತ್ತ ಆ ಕರಡಿ, 1847ರಲ್ಲಿ ಆಕ್ಸ್‌ಫರ್ಡಿನಲ್ಲಿ ಸೇರಿದ ವಿಜ್ಞಾನಿಗಳ ಮಹಾಸಭೆಯ ಸಂತೋಷಕೂಟಕ್ಕೆ ವಿದ್ಯಾರ್ಥಿಯ ನಿಲುವಂಗಿಯನ್ನೂ ಟೋಪಿಯನ್ನೂ ಧರಿಸಿ ಬಂದಿತ್ತು. ಜನ ನಕ್ಕರು. ಫ್ರ್ಯಾಂಕ್ ಬಕ್‌ಲೆಂಡನ ಜೀವನದ ದುರ್ದೈವವೆಂದರೆ ಜನ ಅವನನ್ನು ನೋಡಿ ಕೊನೆಯವರೆಗೂ ನಗುತ್ತಲೇ ಇದ್ದರು. ಅವನ ಸತ್ತ್ವವನ್ನು ಆ ನಗೆ ಬಹುಕಾಲ ಮುಚ್ಚಿಟ್ಟಿತು.

ಓದು ಮುಗಿಸಿ ಅವನು ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯವನ್ನು ಕಲಿತನು. 1854ರಲ್ಲಿ ರಾಣಿಯ ಅಂಗರಕ್ಷಕ ದಳವೊಂದರ ಸಹಾಯಕ ವೈದ್ಯನಾದನು. ಸಿಪಾಯಿಗಳ ಆರೋಗ್ಯ ಚೆನ್ನಾಗಿಯೇ ಇದ್ದುದರಿಂದ ಬರೆಯಲು ಬೇಕಾದಷ್ಟು ಬಿಡುವಿತ್ತು. ಪ್ರಕೃತಿಯ ಕುತೂಹಲಗಳನ್ನು ಕುರಿತ ಅವನ ಪುಸ್ತಕ 1857ರಲ್ಲಿ ಹೊರಬಂದು ಮನೆಮಾತಾಯಿತು. ಶಾಸ್ತ್ರವನ್ನು ಪಂಡಿತರ ಕೋಣೆಯಿಂದ ಎಳೆತಂದು ಸಾಮಾನ್ಯನ ಒಲೆಯ ಮುಂದೆ ಕೂಡಿಸಿದ ಲೇಖಕ ಅವನು.

1859ರಲ್ಲಿ ನಡೆದ ಒಂದು ಸಂಗತಿ ಅವನ ಸ್ವಭಾವದ ಇನ್ನೊಂದು ಮುಖವನ್ನು ತೋರಿಸುತ್ತದೆ. ಆಧುನಿಕ ಶಸ್ತ್ರವೈದ್ಯದ ಜನಕರಲ್ಲಿ ಒಬ್ಬನಾದ ಜಾನ್ ಹಂಟರನ ಶವಪೆಟ್ಟಿಗೆ ಲಂಡನ್ನಿನ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಸಾವಿರಾರು ಪೆಟ್ಟಿಗೆಗಳ ನಡುವೆ ಕಳೆದುಹೋಗಿತ್ತು. ನೆಲಮಾಳಿಗೆಯನ್ನು ಶಾಶ್ವತವಾಗಿ ಮುಚ್ಚುವರೆಂಬ ಸುದ್ದಿ ಬಂತು. ಬಕ್‌ಲೆಂಡ್ ಹದಿನಾರು ದಿನ ಆ ದುರ್ಗಂಧದ ಕತ್ತಲೆಯಲ್ಲಿ ಪೆಟ್ಟಿಗೆಗಳನ್ನು ಒಂದೊಂದಾಗಿ ಸರಿಸಿ, ಹೆಸರು ಓದಿ, ಹುಡುಕಾಟ ಮುಗಿಯುತ್ತ ಬಂದಾಗ ಹಂಟರನನ್ನು ಕಂಡುಹಿಡಿದನು. ಆ ಮಹನೀಯನ ಅಸ್ಥಿಗಳಿಗೆ ವೆಸ್ಟ್‌ಮಿನ್‌ಸ್ಟರ್ ಮಂದಿರದಲ್ಲಿ ಸ್ಥಾನ ದೊರೆಯಿತು. ಎಲ್ಲರೂ ವಿದೂಷಕನೆಂದುಕೊಂಡಿದ್ದವನಲ್ಲಿ, ಬೇಸರದ ಕೆಲಸವೊಂದನ್ನು ಕೊನೆಯ ಪೆಟ್ಟಿಗೆಯವರೆಗೆ ನಡೆಸಿಕೊಂಡು ಹೋಗುವ ಛಲವಿದ್ದಿತು. ನದಿಗಳಿಗೆ ಬೇಕಾಗಿದ್ದುದು ಅಂಥ ಛಲವೇ.

ಆಗಿನ ಇಂಗ್ಲೆಂಡಿನ ನದಿಗಳ ಅವಸ್ಥೆಯನ್ನು ನೆನೆದರೆ ಮರುಕ ಹುಟ್ಟುತ್ತದೆ. ಮೀನಿಗೆ ಅಡ್ಡಿಯಾಗುವ ಒಡ್ಡುಗಳನ್ನು ಥೇಮ್ಸ್ ಮೊದಲಾದ ನದಿಗಳಿಂದ ತೆಗೆದುಹಾಕಬೇಕೆಂದು 1215ರ ಮ್ಯಾಗ್ನ ಕಾರ್ಟ ಸನ್ನದಿನಲ್ಲಿಯೇ ಒಂದು ವಿಧಿ ಇದ್ದಿತು. ಆರು ಶತಮಾನಗಳಾದರೂ ಒಡ್ಡುಗಳು ಕರಗಲಿಲ್ಲ, ಬೆಳೆದುವು. ಹಿಟ್ಟಿನ ಗಿರಣಿಗೊಂದು ಕಟ್ಟೆ, ನೌಕಾಸಂಚಾರಕ್ಕೊಂದು ಕಟ್ಟೆ, ಕಾರ್ಖಾನೆಗೊಂದು ಕಟ್ಟೆ. ಮೇಲಾಗಿ ನಗರಗಳ ಚರಂಡಿ, ಬಣ್ಣದ ಕಾರ್ಖಾನೆಗಳ ಕೊಳೆ, ಗಣಿಗಳ ವಿಷ. ವೇಲ್ಸ್ ಪ್ರಾಂತದ ರೈಡಾಲ್, ಇಸ್ಟ್‌ವಿತ್ ಎಂಬ ನದಿಗಳು ಸೀಸದ ಗಣಿಗಳ ನೀರು ಬೆರೆತು ಮೀನೆಂಬುದೇ ಇಲ್ಲದೆ ಬರಿದಾದುವು. ಥೇಮ್ಸ್ ನದಿಯಲ್ಲಿ 1830ರ ಸುಮಾರಿಗೇ ಸಾಲ್ಮನ್ ಕಣ್ಮರೆಯಾಯಿತು. 1858ರ ಬೇಸಗೆಯಲ್ಲಿ ಅದೇ ನದಿಯ ದುರ್ನಾತ ಪಾರ್ಲಿಮೆಂಟಿನ ಕಿಟಕಿಗಳನ್ನು ಹೊಕ್ಕಿತು.

1860ರಲ್ಲಿ ಒಂದು ರಾಜಾಯೋಗ ನೇಮಕವಾಗಿ, 1861ರಲ್ಲಿ ಸಾಲ್ಮನ್ ಮೀನುಗಾರಿಕೆಯ ಕಾಯಿದೆ ಹುಟ್ಟಿತು. ಮೀನು ತತ್ತಿಯಿಡುವ ಕಾಲದಲ್ಲಿ ಹಿಡಿಯಬಾರದು, ವಿಷ ಹಾಕಬಾರದು, ಹೊಸ ಕಟ್ಟೆ ಕಟ್ಟುವವರು ಮೀನಿಗೆ ದಾರಿ ಬಿಡಬೇಕು ಎಂಬುದು ಅದರ ಸಾರ. ಕಾಯಿದೆಯನ್ನು ನಡೆಯಿಸಲು ಇಬ್ಬರು ಪರಿವೀಕ್ಷಕರು. ಇಂಗ್ಲೆಂಡ್ ಮತ್ತು ವೇಲ್ಸಿನ ನದಿಗಳೆಲ್ಲಕ್ಕೂ ಇಬ್ಬರೇ! 1867ರಲ್ಲಿ ಆ ಎರಡು ಪೀಠಗಳಿಗೆ ಹೊಸಬರು ಬಂದರು. ಒಬ್ಬನು ಸ್ಪೆನ್ಸರ್ ವಾಲ್ಪೋಲ್, ಮುಂದೆ ಇತಿಹಾಸಕಾರನೆಂದು ಹೆಸರಾದವನು. ಮತ್ತೊಬ್ಬನು ನಮ್ಮ ಬಕ್‌ಲೆಂಡ್. ಅಷ್ಟು ಹೊತ್ತಿಗೆ ಅವನು ಸಾಲ್ಮನ್ ತತ್ತಿಗಳನ್ನು ಹರಿಯುವ ನೀರಿನ ತೊಟ್ಟಿಗಳಲ್ಲಿಟ್ಟು ಮರಿಮಾಡಿಸುವ ವಿದ್ಯೆಯಲ್ಲಿ ಕೈಪಳಗಿಸಿಕೊಂಡು, 1863ರಲ್ಲಿ ಅದನ್ನು ಕುರಿತ ಪುಸ್ತಕವೊಂದನ್ನೂ ಬರೆದಿದ್ದನು. ಲಂಡನ್ನಿನ ಪತ್ರಿಕಾಲಯವೊಂದರ ಕಿಟಕಿಯಲ್ಲಿ ಅವನು ಇರಿಸಿದ ತೊಟ್ಟಿಯಲ್ಲಿ ಮೀನಿನ ಮರಿಗಳು ತತ್ತಿಯೊಡೆಯುವುದನ್ನು ನೋಡಲು ಬೀದಿಯ ಜನ ಗುಂಪುಗೂಡುತ್ತಿದ್ದರು.

ಪರಿವೀಕ್ಷಕನಾದ ಮೇಲೆ ಬಕ್‌ಲೆಂಡ್ ಕಚೇರಿಯಲ್ಲಿ ಕುಳಿತವನಲ್ಲ. ನದಿಯ ಅಳಿವೆಯಿಂದ ಹಿಡಿದು ಮೇಲಕ್ಕೆ, ಮೀನು ಹೋಗುವ ದಿಕ್ಕಿನಲ್ಲಿಯೇ ನಡೆದನು. ಎಲ್ಲಿ ಕಟ್ಟೆಯಿದೆ, ಅದರ ಎತ್ತರವೆಷ್ಟು, ಕೆಳಗಡೆ ಮೀನು ಹಾರಲು ಬೇಕಾದ ಆಳದ ಮಡುವಿದೆಯೇ ಇಲ್ಲವೇ, ಗಿರಣಿಯ ಕಾಲುವೆಯಲ್ಲಿ ಮರಿಗಳು ಸಿಕ್ಕಿ ಸಾಯುತ್ತವೆಯೇ, ಮೇಲ್ಗಡೆ ತತ್ತಿಯಿಡುವ ಕಲ್ಲುನೆಲ ಎಷ್ಟು ದೂರವಿದೆ, ಯಾವ ಕಾರ್ಖಾನೆ ಯಾವ ಕೊಳೆಯನ್ನು ಯಾವ ಹೊತ್ತಿನಲ್ಲಿ ಬಿಡುತ್ತದೆ—ಇದೆಲ್ಲವೂ ಅವನ ಟಿಪ್ಪಣಿಯ ಪುಸ್ತಕದಲ್ಲಿ ಸೇರುತ್ತಿತ್ತು. ಬೆಸ್ತರನ್ನೂ ಗಿರಣಿಯವರನ್ನೂ, ಕಳ್ಳತನದಲ್ಲಿ ಮೀನು ಹಿಡಿಯುವವರನ್ನೂ ಕೂಡ, ಸಮಾನ ಸಲಿಗೆಯಿಂದ ಮಾತನಾಡಿಸಿ ಗುಟ್ಟುಗಳನ್ನು ಹೊರಡಿಸುವುದು ಅವನಿಗೆ ಸಾಧಿಸಿತ್ತು. ಕಾಲಿಗೆ ಜೋಡೆಂದರೆ ಅವನಿಗೆ ಆಗದು. ನೀರಿಗಿಳಿದರೆ ಸೊಂಟಮಟ್ಟ. ಹಿಂದಿರುಗುವಾಗ ಕೊಳೆತ ಮೀನಿನ ಗಂಟೊಂದು ಕಂಕುಳಲ್ಲಿ. ರೈಲುಗಾಡಿಯಲ್ಲಿ ಅವನ ಪಕ್ಕದ ಆಸನ ಸಾಮಾನ್ಯವಾಗಿ ಬರಿದಾಗಿಯೇ ಇರುತ್ತಿತ್ತು.

ಹೀಗೆ ವರುಷ ವರುಷವೂ ಗೃಹಮಂತ್ರಿಗೆ ಒಪ್ಪಿಸಿದ ವರದಿಗಳಲ್ಲಿ ಒಂದು ಹೊಸ ದೃಷ್ಟಿಯಿತ್ತು. ಅದುವರೆಗೆ ಮೀನಿನ ವಿಚಾರವೆಂದರೆ ಹಿಡಿದ ಮೀನಿನ ವಿಚಾರ. ಸಂತೆಗೆ ಎಷ್ಟು ಬಂತು, ಬೆಲೆ ಎಷ್ಟು ಎಂಬ ವಿಚಾರ. ಬಕ್‌ಲೆಂಡನೂ ಅವನ ಜೊತೆಗಾರನೂ ನದಿಯನ್ನೇ ರೋಗಿಯಂತೆ ಪರೀಕ್ಷಿಸಿದರು. ಮೀನಿನ ಸಂಖ್ಯೆ ನಾಡಿಯ ಬಡಿತ; ನೀರು, ಕಲ್ಲು, ಕಟ್ಟೆ ದೇಹ. ನಾಡಿಯೊಂದನ್ನೇ ಹಿಡಿದು ಕುಳಿತರೆ ರೋಗ ತಿಳಿಯದು, ಮೈಯನ್ನೆಲ್ಲ ಮುಟ್ಟಿನೋಡಬೇಕು. ಒಬ್ಬ ವೈದ್ಯನಿಗೆ ಈ ಕ್ರಮ ಸಹಜವಾಗಿಯೇ ಒದಗಿತೆಂದು ತೋರುತ್ತದೆ. ಇಂದು ಜಗತ್ತಿನ ಎಲ್ಲೆಡೆ ಮೀನಿನ ಗಣತಿಯ ಜೊತೆಗೆ ಅದರ ನೆಲೆಯ ಆರೋಗ್ಯವನ್ನೂ ಅಳೆಯುವ ಪದ್ಧತಿಯಿದೆಯಲ್ಲ, ಅದರ ಹಳೆಯ ಬೇರುಗಳಲ್ಲೊಂದು ಈ ವರದಿಗಳಲ್ಲಿ ಸಿಕ್ಕುತ್ತದೆ.

ಕಟ್ಟೆಗಳನ್ನು ಒಡೆಸುವ ಅಧಿಕಾರ ಅವನಿಗಿರಲಿಲ್ಲ. ಆದುದರಿಂದ ಒಲಿಸುವ ದಾರಿ ಹಿಡಿದನು. ಮೆಟ್ಟಿಲು ಮೆಟ್ಟಿಲಾಗಿ ನೀರಿಳಿದು, ಮೀನು ತೊಟ್ಟಿಯಿಂದ ತೊಟ್ಟಿಗೆ ಹತ್ತಿಹೋಗುವಂಥ ಏಣಿಗಳ ಮಾದರಿಗಳನ್ನು ಮಾಡಿಸಿ, ಲಂಡನ್ನಿನ ಸೌತ್ ಕೆನ್‌ಸಿಂಗ್‌ಟನ್ನಿನಲ್ಲಿ ತಾನೇ ಸ್ಥಾಪಿಸಿದ ಮತ್ಸ್ಯಸಂಗ್ರಹಾಲಯದಲ್ಲಿ ಇರಿಸಿದನು. ಗಿರಣಿಯ ಯಜಮಾನನಿಗೆ ನೀರಿನ ನಷ್ಟವಾಗದೆ ಮೀನಿಗೂ ದಾರಿಯಾಗುವುದೆಂದು ತೋರಿಸಿಕೊಟ್ಟನು. ಮೀನಿಗೆ ದಾರಿಯಿಲ್ಲದ ಒಂದು ಕಟ್ಟೆಯ ಬಳಿ, ಇಲ್ಲಿ ಸದ್ಯಕ್ಕೆ ಮಾರ್ಗವಿಲ್ಲವೆಂದೂ, ಸ್ವಲ್ಪ ಹಿಂದಕ್ಕೆ ಹೋಗಿ ಬೇರೆ ಕವಲನ್ನು ಹಿಡಿಯಬೇಕೆಂದೂ ಸಾಲ್ಮನ್ ಮೀನುಗಳನ್ನೇ ಸಂಬೋಧಿಸಿ ಅವನು ಪ್ರಕಟಣೆಯನ್ನು ಅಂಟಿಸಿದನೆಂದು ಹೇಳುತ್ತಾರೆ. ಇದನ್ನು ಕೇಳಿ ಜನ ಮತ್ತೆ ನಕ್ಕರು. ಆದರೆ ಆ ಪ್ರಕಟಣೆಯನ್ನು ಓದಬೇಕಾಗಿದ್ದವರು ಮೀನುಗಳಲ್ಲ, ಕಟ್ಟೆಯ ಒಡೆಯರು. ಅವರು ಓದಿದರೆಂಬುದರಲ್ಲಿ ಸಂದೇಹವಿಲ್ಲ.

ಅವನ ಸೋಲುಗಳನ್ನೂ ಹೇಳಬೇಕು. ಕಾರ್ಖಾನೆಗಳ ಕೊಳೆಯ ಎದುರು ಅವನ ಕೈ ನಡೆಯಲಿಲ್ಲ. ಮಿತವಾದ ಖರ್ಚಿನಲ್ಲಿ ಸಾಧ್ಯವಾದಷ್ಟು ಮಾಡಿದ್ದೇನೆಂದು ತೋರಿಸಿದವನಿಗೆ ಶಿಕ್ಷೆಯಿಲ್ಲವೆಂಬ ಕಂಡಿಯೊಂದು ಕಾಯಿದೆಯಲ್ಲಿಯೇ ಇದ್ದಿತು. ಮೀನು ನುಗ್ಗಲಾರದ ಆ ಕಂಡಿಯಲ್ಲಿ ಧನಿಕರು ಸುಲಭವಾಗಿ ನುಗ್ಗಿದರು. ಇನ್ನೊಂದು ಸೋಲು ಅವನ ನಂಬಿಕೆಯದು. ತತ್ತಿಗಳನ್ನು ಮರಿಮಾಡಿಸಿ ಬಿಟ್ಟರೆ ಬರಿದಾದ ನದಿಯೂ ತುಂಬುವುದೆಂದು ಅವನು ಮನಸಾರೆ ನಂಬಿದ್ದನು. ಥೇಮ್ಸ್ ನದಿಯಲ್ಲಿ ಸಾಲ್ಮನ್ ಮರಿಗಳನ್ನು ಬಿಟ್ಟರು, ಹಿಂದಿರುಗಿ ಬರಲಿಲ್ಲ. 1864ರಲ್ಲಿ ಹಾವಸೆಯಲ್ಲಿಯೂ ಮಂಜುಗಡ್ಡೆಯಲ್ಲಿಯೂ ಹುದುಗಿಸಿದ ತತ್ತಿಗಳು ನಾರ್‌ಫೋಕ್ ಎಂಬ ಹಡಗಿನಲ್ಲಿ ಆಸ್ಟ್ರೇಲಿಯಕ್ಕೂ ಟಾಸ್ಮೇನಿಯಕ್ಕೂ ಪ್ರಯಾಣಮಾಡಿದುವು; ಅವುಗಳಲ್ಲಿ ಟ್ರೌಟ್ ಮೀನಿನ ತತ್ತಿಗಳನ್ನು ಒದಗಿಸಿದವರಲ್ಲಿ ಬಕ್‌ಲೆಂಡನೂ ಒಬ್ಬನು. ಟ್ರೌಟ್ ಅಲ್ಲಿ ನೆಲೆನಿಂತಿತು. ಸಾಲ್ಮನ್ ಮರಿಗಳು ಕಡಲಿಗೆ ಇಳಿದುವು. ಕಡಲು ಅವನ್ನು ಮರಳಿ ಕೊಡಲಿಲ್ಲ. ತಾನು ಹುಟ್ಟಿದ ನೀರಿಗೂ ತನಗೂ ಇರುವ ನಂಟನ್ನು ಮೀನು ಹಡಗಿನಲ್ಲಿ ಹೊತ್ತುಕೊಂಡು ಹೋಗಲಾರದು.

ಈ ಪ್ರಶ್ನೆಗಳು ನಮ್ಮ ನಾಡಿಗೆ ದೂರದವೇನಲ್ಲ. ಬಕ್‌ಲೆಂಡನ ಸಮಕಾಲೀನನಾದ ಫ್ರಾನ್ಸಿಸ್ ಡೇ ಎಂಬ ವೈದ್ಯನು 1852ರಲ್ಲಿ ಮದ್ರಾಸಿನ ಸೇವೆಗೆ ಬಂದು, ಮಲಬಾರಿನ ಮೀನುಗಳನ್ನು ಕುರಿತು 1865ರಲ್ಲಿ ಗ್ರಂಥ ಬರೆದನು. ಕಾವೇರಿಯ ಕವಲಾದ ಕೊಳ್ಳಿಡಂ ಮೇಲಿನ ಅಣೆಕಟ್ಟುಗಳು ಕಡಲಿನಿಂದ ಹೊಳೆಗೆ ಏರಿಬರುವ ಹಿಲ್ಸಾ ಮೀನಿನ ದಾರಿಯನ್ನು ತಡೆಯುತ್ತಿವೆಯೆಂಬ ದೂರು ಆ ಕಾಲದಲ್ಲಿಯೇ ಹುಟ್ಟಿ, ಅದರ ಪರಿಶೀಲನೆ ಡೇಯ ಪಾಲಿಗೆ ಬಂತು. ಭಾರತ ಮತ್ತು ಬರ್ಮಾದೇಶಗಳ ಸಿಹಿನೀರಿನ ಮೀನುಗಳನ್ನು ಕುರಿತ ಅವನ ವರದಿ 1873ರಲ್ಲಿ ಅಚ್ಚಾಯಿತು. ಸ್ವದೇಶಕ್ಕೆ ಮರಳಿದ ಮೇಲೆ, 1887ರಲ್ಲಿ, ಅವನೇ ಬ್ರಿಟನ್ ಮತ್ತು ಐರ್ಲೆಂಡಿನ ಸಾಲ್ಮನ್ ವಂಶವನ್ನು ಕುರಿತ ಪ್ರೌಢಗ್ರಂಥವನ್ನು ಬರೆದನು. ಕಾವೇರಿಯ ಕಟ್ಟೆಗೂ ಇಂಗ್ಲೆಂಡಿನ ಕಟ್ಟೆಗೂ ಒಂದೇ ಪ್ರಶ್ನೆ: ನೀರನ್ನು ಹಿಡಿದುಕೊಂಡ ಮನುಷ್ಯ, ನೀರಿನಲ್ಲಿ ಬಾಳುವ ಪ್ರಾಣಿಗೆ ಎಷ್ಟು ದಾರಿ ಬಿಡಬೇಕು?

ಸಾಲ್ಮನ್ ತತ್ತಿಯಿಡುವುದು ಚಳಿಗಾಲದಲ್ಲಿ. ತತ್ತಿ ಕೂಡಿಸಬೇಕಾದವನೂ ಚಳಿಗಾಲದಲ್ಲಿಯೇ ಹೊಳೆಗಿಳಿಯಬೇಕು. ನ್ಯೂಜಿಲೆಂಡಿಗೆ ಕಳುಹಿಸಲು ತತ್ತಿಗಳು ಬೇಕಾದಾಗ ಬಕ್‌ಲೆಂಡ್ ಹಿಮದಂತಹ ನೀರಿನಲ್ಲಿ ಗಂಟೆಗಟ್ಟಲೆ ನಿಂತು ಮೀನುಗಳನ್ನು ಹಿಡಿಸಿ, ಬಸಿರನ್ನು ಮೆಲ್ಲನೆ ಒತ್ತಿ, ತತ್ತಿ ತೆಗೆದು, ತಾಯಿಮೀನುಗಳನ್ನು ಜೀವಸಹಿತ ನೀರಿಗೆ ಬಿಟ್ಟನು. ದೇಹ ದೃಢವಾಗಿತ್ತು, ಆದರೆ ನೀರಿಗೆ ಕೊಟ್ಟ ಸಾಲವನ್ನು ನೀರು ತೀರಿಸಲಿಲ್ಲ. ಶ್ವಾಸಕೋಶ ಕೆಟ್ಟಿತು, ಮೈಗೆ ನೀರು ತುಂಬಿತು. ಹಾಸಿಗೆ ಹಿಡಿದ ಮೇಲೂ ಬ್ರಿಟಿಷ್ ಮೀನುಗಳನ್ನು ಕುರಿತ ತನ್ನ ಗ್ರಂಥವನ್ನು ತಿದ್ದುತ್ತಿದ್ದನು. 1880ನೆಯ ಡಿಸೆಂಬರ್ 19ರಂದು, ಐವತ್ತನಾಲ್ಕನೆಯ ಹುಟ್ಟುಹಬ್ಬ ಕಳೆದು ಎರಡೇ ದಿನಕ್ಕೆ, ಲಂಡನ್ನಿನ ತನ್ನ ಮನೆಯಲ್ಲಿ ಕಣ್ಮುಚ್ಚಿದನು. ಸಂಗ್ರಹಾಲಯವನ್ನು ರಾಷ್ಟ್ರಕ್ಕೆ ಬಿಟ್ಟನು. ಹೆಂಡತಿಯ ಕಾಲಾನಂತರ ಮತ್ಸ್ಯವಿದ್ಯೆಯ ಬೋಧನೆಗೆ ಸಲ್ಲಬೇಕೆಂದು ಹಣವನ್ನೂ ಬರೆದಿಟ್ಟನು.

ಅವನ ಪೀಠಕ್ಕೆ ಬಂದವನು ಥಾಮಸ್ ಹೆನ್ರಿ ಹಕ್ಸ್‌ಲಿ. ವಿಧಿಯ ವಿನೋದವೆಂದರೆ ಇದೇ. ಬಕ್‌ಲೆಂಡ್ ಡಾರ್ವಿನ್ನನ ವಾದವನ್ನು ಕಡೆಯವರೆಗೂ ಒಪ್ಪದೆ, ಒಂದೊಂದು ಹುರುಪೆಯಲ್ಲಿಯೂ ಸೃಷ್ಟಿಕರ್ತನ ಕೈವಾಡವನ್ನು ಕಂಡವನು. ಹಕ್ಸ್‌ಲಿ ಡಾರ್ವಿನ್ನನ ಪರವಾಗಿ ಕತ್ತಿ ಹಿರಿದವನು. ಸಿದ್ಧಾಂತದಲ್ಲಿ ಹಕ್ಸ್‌ಲಿಯ ಪಕ್ಷವೇ ಗೆದ್ದಿತು. ಆದರೆ ಮಹಾಸಾಗರದ ಮುಖ್ಯ ಮೀನುಗಾರಿಕೆಗಳು ಎಂದಿಗೂ ಬತ್ತಲಾರವೆಂದು 1883ರಲ್ಲಿ ಸಾರಿದವನೂ ಅದೇ ಹಕ್ಸ್‌ಲಿ. ದೊಡ್ಡ ಬುದ್ಧಿಯೂ ಒಮ್ಮೊಮ್ಮೆ ದಡದಲ್ಲಿ ನಿಂತು ತಪ್ಪು ಹೇಳುತ್ತದೆ. ನೀರಿಗಿಳಿದ ಸಾಧಾರಣ ಬುದ್ಧಿ ಒಮ್ಮೊಮ್ಮೆ ಸರಿಯಾದುದನ್ನು ಕಾಣುತ್ತದೆ.

ಮುಂದಿನ ಕಾಲ ಬಕ್‌ಲೆಂಡನ ಎರಡು ನಂಬಿಕೆಗಳನ್ನೂ ಒರೆಗೆ ಹಚ್ಚಿತು. ಥೇಮ್ಸ್ ನದಿಯ ನೀರನ್ನು ಶುದ್ಧಿಮಾಡಿದ ಮೇಲೆ, 1974ರಲ್ಲಿ, ನೂರನಲವತ್ತು ವರುಷಗಳ ಅನಂತರ ಒಂದು ಸಾಲ್ಮನ್ ಅಲ್ಲಿ ಕಾಣಿಸಿಕೊಂಡಿತು. ಅದರ ಬೆನ್ನಿಗೇ ವರುಷ ವರುಷವೂ ಸಾಕಿದ ಮರಿಗಳನ್ನು ಬಿಟ್ಟರು. ಆದರೆ ಅಲ್ಲಿಗೆ ಬಂದ ಮೀನುಗಳ ವಂಶಧಾತುವನ್ನು ಪರೀಕ್ಷಿಸಿದ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಫಲಿತಾಂಶ ಬೇರೆಯಾಗಿತ್ತು: ಅವು ಬಿಟ್ಟ ಮರಿಗಳ ಸಂತಾನವಲ್ಲ, ದಕ್ಷಿಣ ಇಂಗ್ಲೆಂಡಿನ ಬೇರೆ ನದಿಗಳಿಂದ ದಾರಿತಪ್ಪಿ ಬಂದವು. ಉತ್ತರದ ಟೈನ್ ನದಿಯ ಕಥೆಯೂ ಇದೇ ಪಾಠವನ್ನು ಕಲಿಸುತ್ತದೆ. ಕೈಗಾರಿಕೆಯ ಕೊಳೆಯಿಂದ 1950ರ ದಶಕದಲ್ಲಿ ಸತ್ತಂತಿದ್ದ ಆ ನದಿ ಇಪ್ಪತ್ತನೆಯ ಶತಮಾನದ ಕೊನೆಗೆ ಇಂಗ್ಲೆಂಡಿನ ಶ್ರೇಷ್ಠ ಸಾಲ್ಮನ್ ನದಿಯೆನಿಸಿತು. ಮರಿಗಳನ್ನು ಬಿಟ್ಟುದು ಸ್ವಲ್ಪ ನೆರವಾಯಿತು. ಹೆಚ್ಚು ನೆರವಾದುದು ಅಳಿವೆಯ ನೀರು ತಿಳಿಯಾದುದು. ತತ್ತಿಯ ತೊಟ್ಟಿಯ ಬಕ್‌ಲೆಂಡ್ ಸೋತನು. ನದಿಯ ದಡದ ಬಕ್‌ಲೆಂಡ್ ಗೆದ್ದನು.

ಗೆಲವು ಸಂಪೂರ್ಣವೆಂದು ಹೇಳುವಂತಿಲ್ಲ. ಇಂದು ಕಟ್ಟೆಗಳ ಬಳಿ ಏರಿಹೋಗುವ ಮೀನುಗಳನ್ನು ಯಂತ್ರಗಳು ಎಣಿಸುತ್ತವೆ. ಮರಿಗಳನ್ನು ಕ್ಷಣಕಾಲ ವಿದ್ಯುತ್ತಿನಿಂದ ಮಂಕುಗೊಳಿಸಿ ಎಣಿಸಿ ಮತ್ತೆ ನೀರಿಗೆ ಬಿಡುತ್ತಾರೆ. ಹುರುಪೆಯ ಉಂಗುರಗಳನ್ನು ಓದಿ ವಯಸ್ಸನ್ನೂ ಕಡಲಲ್ಲಿ ಕಳೆದ ಕಾಲವನ್ನೂ ತಿಳಿಯುತ್ತಾರೆ. ತತ್ತಿಯ ಗೂಡುಗಳನ್ನು ಲೆಕ್ಕ ಹಾಕುತ್ತಾರೆ. ಬಕ್‌ಲೆಂಡ್ ಕನಸಿನಲ್ಲಿಯೂ ಕಾಣದ ಸಾಧನಗಳಿವು. ಆ ಲೆಕ್ಕಗಳೆಲ್ಲ ಸೇರಿ ಹೇಳಿದ ಮಾತು ಮಾತ್ರ ಕಹಿಯಾದುದು. 2023ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಗ್ರೇಟ್ ಬ್ರಿಟನ್ನಿನ ಸಾಲ್ಮನ್ನನ್ನು ಅಳಿವಿನ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿ ಸೇರಿಸಿತು. ಕಟ್ಟೆ, ಕೊಳೆ ಎಂಬ ಹಳೆಯ ಶತ್ರುಗಳ ಜೊತೆಗೆ ನೀರು ಬೆಚ್ಚಗಾಗುವುದೆಂಬ ಹೊಸ ಶತ್ರು ಬಂದಿದೆ. ಅದಕ್ಕೆ ಏಣಿ ಕಟ್ಟಿ ತಪ್ಪಿಸಿಕೊಳ್ಳುವಂತಿಲ್ಲ.

ಎಣಿಸುವುದು ಉಳಿಸಿದಂತಲ್ಲ. ಆದರೆ ಎಣಿಸದೆ ಇದ್ದರೆ, ಕಳೆದುಕೊಂಡುದು ಏನೆಂಬುದೂ ಮನುಷ್ಯನಿಗೆ ತಿಳಿಯದೆ ಹೋಗುತ್ತದೆ. ಕತ್ತಲೆಯ ನೆಲಮಾಳಿಗೆಯಲ್ಲಿ ಸಾವಿರಾರು ಪೆಟ್ಟಿಗೆಗಳ ನಡುವೆ ಒಂದು ಹೆಸರನ್ನು ಹುಡುಕಿದವನು, ಹೆಸರಿಲ್ಲದ ಮೀನಿಗಾಗಿ ನದಿ ನದಿಯನ್ನೂ ಹುಡುಕಿದನು. ಅವನ ಕರಡಿಯ ಕಥೆ ಹೇಳಿ ನಗುವವರು ನಗಲಿ. ಆ ದೇಶದಲ್ಲಿ ಕಾರ್ತಿಕ ಮಾರ್ಗಶಿರಗಳ ಚಳಿಯಲ್ಲಿ, ಉಪವಾಸದಿಂದ ಬಡವಾದ ಒಂದು ಬೆಳ್ಳಿಯ ಮೀನು ಕಟ್ಟೆಯ ಪಕ್ಕದ ಏಣಿಯನ್ನು ಒಂದೊಂದೇ ಮೆಟ್ಟಿಲಾಗಿ ಹತ್ತಿ ತವರನ್ನು ಸೇರುವಾಗ, ಹೊಳೆಯೊಳಗೆ ಸೊಂಟಮಟ್ಟ ನಿಂತ ಆ ಗಡ್ಡದ ಮನುಷ್ಯನ ಆಯುಷ್ಯದ ಒಂದು ಚೂರೂ ಅದರೊಡನೆ ಮೇಲಕ್ಕೆ ಹೋಗುತ್ತದೆ.